ಸೈಕಲ್ ಪಂದ್ಯದ ದಾರಿ ಕಾಯುವವರಿಗೆ ತರಬೇತು

(ಹೂಡಿಯಲ್ಲಿ ಸೇರಿದ್ದ ಯುವಕ ಸಂಘ, ಮಹಿಳಾ ಮಂಡಲಿಗಳ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಕೃಷಿ ಡಿಪ್ಲೊಮಾ ಓದಿ ಬಂದವನು ಬೀಜ ಗೊಬ್ಬರದ ಮಾತು ಬಿಟ್ಟು ಸೈಕಲ್ ಪಂದ್ಯದ ಮಾತಿಗೆ ನಿಂತಿದ್ದಾನಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಪಂದ್ಯ ನಡೆಯುವುದು ನಮ್ಮ ಊರಿನ ರಸ್ತೆಯ ಮೇಲೆ. ಆ ರಸ್ತೆಯ ಮೇಲೆ ನಮ್ಮ ದನಕರು ಓಡಾಡುತ್ತವೆ, ನಮ್ಮ ಹಾಲಿನ ಕ್ಯಾನು ಡೈರಿಗೆ ಹೋಗುತ್ತದೆ, ನಮ್ಮ ಮಕ್ಕಳು ಆಡುತ್ತಾರೆ. ಆದುದರಿಂದ ಈ ವಿಷಯ ನಮಗೂ ಸೇರಿದ್ದೇ ಸರಿ. ಪಂದ್ಯದ ದಿನ ದಾರಿ ಕಾಯಲು ನಿಲ್ಲುವ ಸ್ವಯಂಸೇವಕರನ್ನು ಹೇಗೆ ತಯಾರು ಮಾಡಬೇಕು ಎಂಬುದನ್ನು ಈ ದಿನ ನಾಲ್ಕು ಮಾತಿನಲ್ಲಿ ತಿಳಿಸುತ್ತೇನೆ.

ಹೂಡಿಯ ಸಂಗತಿ ನಿಮಗೆ ಹೊಸದಲ್ಲ. 1990ರ ದಶಕದಲ್ಲಿ ಪಕ್ಕದಲ್ಲೇ ಐ.ಟಿ.ಪಿ.ಎಲ್. ಎದ್ದಿತು. 2023ನೆಯ ಇಸವಿ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ಕಾಡುಗೋಡಿಯವರೆಗಿನ ಮೆಟ್ರೊ ರೈಲಿನ ಉದ್ಘಾಟನೆಯಾಗಿ ಹೂಡಿಗೂ ಒಂದು ನಿಲ್ದಾಣ ಬಂತು. ಹೊಲಗಳಿದ್ದ ಕಡೆ ಕಚೇರಿಗಳು ಬಂದುವು. ಆ ಕಚೇರಿಗಳಲ್ಲಿ ವಾರವೆಲ್ಲ ಕುಳಿತು ದುಡಿಯುವ ಯುವಕ ಯುವತಿಯರಲ್ಲಿ ಅನೇಕರು ಭಾನುವಾರ ನಸುಕಿನಲ್ಲೇ ಸೈಕಲ್ ಏರಿ ಹೊರಡುತ್ತಾರೆ. ಹೂಡಿಯ ಪೇಟೆಯಲ್ಲಿ ಅವರಿಗೆ ಜಾಗವಿಲ್ಲ. ಅವರು ಹುಡುಕುವುದು ವಾಹನ ಕಡಿಮೆ ಇರುವ ಹಳ್ಳಿಯ ರಸ್ತೆಯನ್ನು. ಹೀಗಾಗಿ ಪಟ್ಟಣದವರ ಆಟ ಹಳ್ಳಿಯವರ ಬಾಗಿಲಿಗೆ ಬರುತ್ತದೆ.

ಸೈಕಲ್ ಪಂದ್ಯ ನಮ್ಮ ನಾಡಿಗೆ ಪರಕೀಯವಾದುದೇನೂ ಅಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ರೈತಾಪಿ ಮನೆಗಳಿಂದ ಹೊರಟ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪಂದ್ಯಗಳಲ್ಲಿ ಪದಕ ಗೆದ್ದಿದ್ದಾರೆ. ಬೆಂಗಳೂರಿನ ಹವ್ಯಾಸಿ ಸವಾರರಿಗಂತೂ ನಂದಿಬೆಟ್ಟದ ಏರುದಾರಿ ಗರಡಿಮನೆ ಇದ್ದಂತೆ. ಹವ್ಯಾಸಿ ಎಂದರೆ ಸಂಬಳಕ್ಕಾಗಿ ಆಡದವನು. ಅಂಥವರ ಪಂದ್ಯದಲ್ಲಿ ದೊಡ್ಡ ಹಣವಿರುವುದಿಲ್ಲ. ಮೂಲೆ ಮೂಲೆಗೂ ನಿಲ್ಲಿಸುವಷ್ಟು ಸಿಬ್ಬಂದಿ ಇರುವುದಿಲ್ಲ. ಪಂದ್ಯ ಸುಗಮವಾಗಿ ನಡೆಯುವುದು ಸ್ವಯಂಸೇವಕರ ಮೇಲೆ. ಸ್ವಯಂಸೇವಕನಿಗೆ ಸರಿಯಾಗಿ ಕಲಿಸದಿದ್ದರೆ ಪೆಟ್ಟು ಬೀಳುವುದು ಸವಾರನಿಗೆ ಒಬ್ಬನಿಗೇ ಅಲ್ಲ, ದಾರಿಯಲ್ಲಿ ಹೋಗುವ ನಮ್ಮವರಿಗೂ ಬೀಳುತ್ತದೆ.

ವೇಗದ ಲೆಕ್ಕ

ಮೊದಲು ಒಂದು ಲೆಕ್ಕ ನೋಡೋಣ. ಹಾಲು ಹಾಕಲು ಹೋಗುವವನ ಸೈಕಲ್ಲಿಗೂ ಪಂದ್ಯದ ಸೈಕಲ್ಲಿಗೂ ಬಹಳ ಅಂತರವುಂಟು. ಪಂದ್ಯದ ಸವಾರ ಸಮನೆಲದಲ್ಲಿ ಗಂಟೆಗೆ 36 ಕಿಲೋಮೀಟರು ಹೋದರೆ, ಒಂದು ಸೆಕೆಂಡಿಗೆ 10 ಮೀಟರು ಹೋದಂತಾಯಿತು. ಇಳಿಜಾರಿನಲ್ಲಿ ಗಂಟೆಗೆ 54 ಕಿಲೋಮೀಟರಾದರೆ ಸೆಕೆಂಡಿಗೆ 15 ಮೀಟರು. ಒಂದು ಎತ್ತಿನ ಗಾಡಿ ರಸ್ತೆಯನ್ನು ಅಡ್ಡ ದಾಟಲು 12 ಸೆಕೆಂಡು ಹಿಡಿಯಿತೆಂದುಕೊಳ್ಳಿ. ಅಷ್ಟರಲ್ಲಿ ಸಮನೆಲದ ಸವಾರ 120 ಮೀಟರು ಬಂದುಬಿಡುತ್ತಾನೆ. "ದೂರ ಇದ್ದಾರೆ, ದಾಟಿಬಿಡೋಣ" ಎಂದು ಕಣ್ಣಳತೆಯಲ್ಲಿ ಹೇಳುವವನು ಮೋಸ ಹೋಗುವುದು ಇಲ್ಲಿಯೇ.

ಇನ್ನೊಂದು ಮಾತು. ಪಂದ್ಯದವರು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡಂತೆ ಹೋಗುತ್ತಾರೆ. ಮುಂದಿನವನು ಗಾಳಿಯನ್ನು ಸೀಳುತ್ತಾನೆ. ಹಿಂದಿನವನಿಗೆ ಶ್ರಮ ಎಷ್ಟೋ ಕಡಿಮೆಯಾಗುತ್ತದೆ. ಆದರೆ ಅಷ್ಟು ಹತ್ತಿರವಿರುವುದರಿಂದ ಮುಂದಿನ ಒಬ್ಬ ಬೆದರಿ ಬ್ರೇಕು ಹಿಡಿದರೆ ಹಿಂದಿನ ಹತ್ತು ಮಂದಿ ಬೀಳುತ್ತಾರೆ. ಹಿಂದಿನವರಿಗೆ ರಸ್ತೆಯ ಹಂಪು, ಗುಂಡಿ ಕಾಣುವುದೇ ಇಲ್ಲ. ಆದುದರಿಂದ ಅವರಿಗೆ ಬೇಕಾದದ್ದು ಮುಂಚಿತವಾಗಿ ಸಿಗುವ ಎಚ್ಚರಿಕೆ. ತಡವಾಗಿ ಬಂದ ಎಚ್ಚರಿಕೆ ಬಾರದಿದ್ದುದಕ್ಕಿಂತ ಕೆಟ್ಟದ್ದು. ಕೊನೆಯ ಗಳಿಗೆಯಲ್ಲಿ ಸ್ವಯಂಸೇವಕ ರಸ್ತೆಗೆ ಹಾರಿ ಕೈ ಬೀಸಿದರೆ, ಅವನೇ ಸವಾರರನ್ನು ಬೆದರಿಸಿದಂತಾಗುತ್ತದೆ.

ಸ್ವಯಂಸೇವಕನ ಮುಖ ಎತ್ತ ಇರಬೇಕು?

ಪಂದ್ಯ ನೋಡುವ ಆಸೆ ಯಾರಿಗಿಲ್ಲ? ಆದರೆ ದಾರಿ ಕಾಯಲು ನಿಂತವನು ಪಂದ್ಯ ನೋಡಲು ಬಂದವನಲ್ಲ. ಅವನು ನೋಡಬೇಕಾದದ್ದು ಜನರನ್ನು, ಓಣಿಗಳ ಬಾಯನ್ನು, ದನ ನಿಂತಿರುವ ಹೊಲದ ಅಂಚನ್ನು. ಸವಾರರು ಬರುವುದನ್ನು ಒಮ್ಮೆ ನೋಡಿ ಗುರುತು ಹಿಡಿದರಾಯಿತು. ಉಳಿದ ಹೊತ್ತೆಲ್ಲ ಕಣ್ಣು ಊರಿನ ಕಡೆಗೆ ಇರತಕ್ಕದ್ದು.

2021ನೆಯ ಇಸವಿ ಜೂನ್ 26ರಂದು ಫ್ರಾನ್ಸ್ ದೇಶದ ಪ್ರಸಿದ್ಧ ಪಂದ್ಯವಾದ ಟೂರ್ ಡಿ ಫ್ರಾನ್ಸ್‌ನ ಮೊದಲನೆಯ ದಿನವೇ ಒಂದು ಅನಾಹುತವಾಯಿತು. ರಸ್ತೆಯ ಅಂಚಿನಲ್ಲಿ ನಿಂತ ಒಬ್ಬಾಕೆ ಟೆಲಿವಿಷನ್ ಕ್ಯಾಮರಾಕ್ಕೆ ಮುಖಮಾಡಿ, ಸವಾರರಿಗೆ ಬೆನ್ನುಹಾಕಿ, ರಟ್ಟಿನ ಬೋರ್ಡೊಂದನ್ನು ಚಾಚಿದ್ದರು. ಜರ್ಮನಿಯ ಸವಾರ ಟೋನಿ ಮಾರ್ಟಿನ್ ಆ ಬೋರ್ಡಿಗೆ ತಗುಲಿ ಬಿದ್ದರು. ಅವರ ಹಿಂದೆ ಹತ್ತಾರು ಮಂದಿ ಒಬ್ಬರ ಮೇಲೊಬ್ಬರು ಉರುಳಿದರು. ಜಗತ್ತಿನ ಅತ್ಯಂತ ದೊಡ್ಡ ಪಂದ್ಯದಲ್ಲೇ ಹೀಗಾಗುವುದಾದರೆ, ಮೊಬೈಲಿನಲ್ಲಿ ಚಿತ್ರ ತೆಗೆಯಲು ಎಲ್ಲರೂ ರಸ್ತೆಗೆ ಬಗ್ಗುವ ಈ ಕಾಲದಲ್ಲಿ ನಮ್ಮ ಊರಿನ ಮುಂದೆ ಆಗದೆಂದು ಹೇಳುವಂತಿಲ್ಲ.

ಯಾರನ್ನು ಆರಿಸಬೇಕು?

ಇದಕ್ಕೆ ಯೋಗ್ಯನಾದವನು ಆ ಊರಿನವನೇ ಎಂಬುದು ನನ್ನ ನಂಬಿಕೆ. ಪಟ್ಟಣದಿಂದ ಬಂದ ಸ್ವಯಂಸೇವಕನಿಗೆ ಸೈಕಲ್ಲಿನ ವಿಷಯ ಗೊತ್ತಿರಬಹುದು. ಆದರೆ ಯಾವ ಓಣಿಯಿಂದ ಎಷ್ಟು ಹೊತ್ತಿಗೆ ಹಸು ಹೊರಬೀಳುತ್ತದೆ, ಯಾವ ಮನೆಯ ನಾಯಿ ಗಾಲಿಯನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆ, ಯಾವ ಅಜ್ಜಿಗೆ ಕಿವಿ ಮಂದ ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಇವೆಲ್ಲ ನಿಮಗೆ ಗೊತ್ತು. ಗೊತ್ತಿರುವ ಆ ಜ್ಞಾನದ ಪಕ್ಕಕ್ಕೆ ಸೈಕಲ್ಲಿನ ಜ್ಞಾನವನ್ನು ಸೇರಿಸುವುದೇ ತರಬೇತಿನ ಉದ್ದೇಶ.

ಕೂಡುರಸ್ತೆಯಲ್ಲಿ ನಿಲ್ಲುವವರಿಗೆ 18 ವರ್ಷ ತುಂಬಿರಲೇಬೇಕು. ಫ್ರಾನ್ಸಿನಲ್ಲಿ ಪಂದ್ಯದ ದಾರಿ ಕಾಯುವ ಸ್ವಯಂಸೇವಕನು ವಯಸ್ಕನಾಗಿರಬೇಕಲ್ಲದೆ ವಾಹನ ಚಾಲನೆಯ ಲೈಸೆನ್ಸು ಉಳ್ಳವನಾಗಿರಬೇಕೆಂದು ನಿಯಮವಿದೆ. ವಾಹನ ಓಡಿಸಿ ಬಲ್ಲವನಿಗೆ ವೇಗದ ಅಂದಾಜು ಇರುತ್ತದೆ ಎಂಬುದು ಒಪ್ಪತಕ್ಕ ಮಾತು. ಹೆಂಗಸರನ್ನು ಕೈಬಿಡಬೇಡಿ. ಹಾಲು ಹಾಕಲು, ಹೂ ಕೊಂಡೊಯ್ಯಲು ಬೆಳಗಿನ ಜಾವ ದಾರಿಗೆ ಬರುವವರಲ್ಲಿ ಹೆಂಗಸರೇ ಹೆಚ್ಚು. ಅವರನ್ನು ನಿಲ್ಲಿಸಿ ಮಾತಾಡಿಸಲು ಹೆಂಗಸರೇ ವಾಸಿ.

ಆದರೆ ಒಂದನ್ನು ಮರೆಯಬಾರದು. ವಾಹನಗಳನ್ನು ತಡೆಯುವ ಅಧಿಕಾರ ಪೊಲೀಸರದು. ಸ್ವಯಂಸೇವಕನ ಕೈಯಲ್ಲಿ ಬಾವುಟವಿದೆ ಎಂದ ಮಾತ್ರಕ್ಕೆ ಅವನು ಅಧಿಕಾರಿಯಾಗುವುದಿಲ್ಲ. ಅವನು ಎಚ್ಚರಿಸಬಹುದು, ಕೇಳಿಕೊಳ್ಳಬಹುದು. ದೊಡ್ಡ ಕೂಡುರಸ್ತೆಗೆ ಪೊಲೀಸರು ಇಲ್ಲದಿದ್ದರೆ ಅಲ್ಲಿ ಪಂದ್ಯ ಹಾಯಿಸಬಾರದು.

ಹೇಳಿ ಬಿಟ್ಟರೆ ಕಲಿಸಿದಂತಾಗದು

ಕೆಲವು ಕಡೆ ತರಬೇತು ಎಂದರೆ, ಪಂದ್ಯದ ದಿನ ಬೆಳಿಗ್ಗೆ ಐದು ಗಂಟೆಗೆ ಎಲ್ಲರನ್ನೂ ಸೇರಿಸಿ, ಬಣ್ಣದ ಅಂಗಿ ಹಂಚಿ, ಹತ್ತು ನಿಮಿಷ ಮಾತಾಡಿ, ಜೀಪಿನಲ್ಲಿ ಕರೆದೊಯ್ದು ದಾರಿಯಲ್ಲಿ ಇಳಿಸುವುದು. ಇದು ತರಬೇತಲ್ಲ. ಬೀಜಕ್ಕೆ ಔಷಧ ಲೇಪಿಸುವುದನ್ನು ನಿಮಗೆ ಬರಿ ಮಾತಿನಲ್ಲಿ ಹೇಳಿದ್ದರೆ ಎಷ್ಟು ಮಂದಿ ಮಾಡುತ್ತಿದ್ದಿರಿ? ನಿಮ್ಮ ಅಂಗಳದಲ್ಲಿ ಮಾಡಿ ತೋರಿಸಿ, ನಿಮ್ಮ ಕೈಯಿಂದಲೇ ಮಾಡಿಸಿದಾಗ ಅದು ನಿಮ್ಮದಾಯಿತು. ಪ್ರಾತ್ಯಕ್ಷಿಕೆಯ ಆ ಕ್ರಮವೇ ಇಲ್ಲಿಯೂ ಬೇಕು. ಹೇಳುವುದು, ತೋರಿಸುವುದು, ಮಾಡಿಸುವುದು, ತಿದ್ದುವುದು. ಇವು ನಾಲ್ಕೂ ಇರಬೇಕು. ಮೊದಲ ಎರಡಕ್ಕೆ ಕಡಿಮೆ ಹೊತ್ತು, ಕೊನೆಯ ಎರಡಕ್ಕೆ ಹೆಚ್ಚು ಹೊತ್ತು.

ಪಂದ್ಯಕ್ಕೆ ಒಂದು ವಾರ ಮುಂಚೆ, ಪಂದ್ಯ ಹಾಯುವ ಹೊತ್ತಿನಲ್ಲೇ, ಅವರವರು ನಿಲ್ಲುವ ತಿರುವಿನಲ್ಲೇ ಮೂರು ಗಂಟೆಯ ತರಬೇತು ಸಾಕು. ಒಂದು ತಂಡದಲ್ಲಿ ಎಂಟು ಹತ್ತು ಮಂದಿಗಿಂತ ಹೆಚ್ಚು ಬೇಡ. ಹೆಚ್ಚಾದರೆ ಹಿಂದೆ ನಿಂತವರು ನೋಡುವುದರಲ್ಲೇ ಉಳಿಯುತ್ತಾರೆ.

ಮೊದಲನೆಯ ಗಂಟೆ ದಾರಿ ನಡೆಯುವುದಕ್ಕೆ. ಪಂದ್ಯ ನಡೆಸುವವರೂ ಊರಿನವರೂ ಜೊತೆಯಾಗಿ ನಡೆಯಬೇಕು. ಇಲ್ಲಿ ಗುರು ನೀವು. ಹಂಪು, ಗುಂಡಿ, ತಿರುವಿನಲ್ಲಿ ಸೇರಿದ ಮರಳು, ಮುಚ್ಚಳವಿಲ್ಲದ ಚರಂಡಿ, ದನದ ದಾರಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಗುರುತು ಹಾಕಿಸಿ. ಡೈರಿಗೆ ಹಾಲು ಎಷ್ಟು ಗಂಟೆಗೆ ಹೋಗುತ್ತದೆ, ತರಕಾರಿ ಟೆಂಪೊ ಎಷ್ಟು ಗಂಟೆಗೆ ಹೊರಡುತ್ತದೆ ಎಂಬುದನ್ನು ಬರೆಸಿ. ರಾಗಿ ಕೊಯ್ಲಿನ ಕಾಲವಾದರೆ ಇನ್ನೊಂದು ಮಾತು: ವಾಹನದ ಗಾಲಿಯಿಂದ ತೆನೆ ಒಕ್ಕಲಾಗಲೆಂದು ನಮ್ಮಲ್ಲಿ ಕೆಲವರು ರಸ್ತೆಯ ಮೇಲೆ ರಾಗಿ, ಹುರುಳಿ ಹರಡುತ್ತಾರೆ. ಸೈಕಲ್ಲಿನ ತೆಳುವಾದ ಗಾಲಿ ಹುಲ್ಲಿನ ಮೇಲೆ ಜಾರುತ್ತದೆ. ಕಾಳಿನ ಮೇಲಂತೂ ನಿಲ್ಲುವುದೇ ಇಲ್ಲ. ಪಂದ್ಯದ ಹಿಂದಿನ ದಿನವೇ ಆ ಮನೆಯವರಿಗೆ ತಿಳಿಸಿ, ಒಕ್ಕಣೆಯನ್ನು ಕಣಕ್ಕೆ ಸಾಗಿಸಲು ಸಂಘದವರು ಕೈ ಜೋಡಿಸಬೇಕು. ಬೆಳಗಾಗೆದ್ದು ಕಾಲಿನಿಂದ ಒದ್ದು ಪಕ್ಕಕ್ಕೆ ಸರಿಸಿದರೆ ಜಗಳವಾಗುತ್ತದೆ.

ಎರಡನೆಯ ಗಂಟೆ ನಿಲ್ಲುವ ರೀತಿ ಮತ್ತು ಸಂಕೇತಗಳಿಗೆ. ಅಪಾಯ ಇರುವ ಜಾಗದಲ್ಲೇ ನಿಲ್ಲಬಾರದು. ಅದಕ್ಕಿಂತ ಮುಂಚೆ, ಸವಾರರಿಗೆ ದೂರದಿಂದ ಕಾಣುವಂತೆ ನಿಲ್ಲಬೇಕು. ನೂರು ಮೀಟರು ಮುಂಚೆ ಕಂಡರೆ ಸಮನೆಲದ ಸವಾರನಿಗೆ ಹತ್ತು ಸೆಕೆಂಡು ಸಿಕ್ಕಿತು. ಹಳದಿ ಬಾವುಟ ಬೀಸಿ ಸೀಟಿ ಊದಿದರೆ ಮುಂದೆ ಅಡಚಣೆ ಇದೆ, ಜೋಕೆ ಎಂದು ಅರ್ಥ. ಕೆಂಪು ಬಾವುಟ ಹಿಡಿದರೆ ನಿಲ್ಲಿ ಎಂದು ಅರ್ಥ. ಸವಾರರು ಹತ್ತಿರ ಬಂದ ಮೇಲೆ ಕಾಲು ಕದಲಿಸಬಾರದು, ಈಚೆಯಿಂದ ಆಚೆಗೆ ಓಡಬಾರದು. ಊರಿನ ಹುಡುಗರನ್ನು ನಾಲ್ಕು ಸೈಕಲ್ ಏರಿಸಿ ಬೇಗ ಬರಹೇಳಿ. ಪ್ರತಿಯೊಬ್ಬ ಸ್ವಯಂಸೇವಕನಿಂದಲೂ ಮೂರು ಸಲ ಬಾವುಟ ಹಿಡಿಸಿ. ತಾನು ನಿಂತ ಜಾಗ ಕಾಣುತ್ತಿತ್ತೇ ಇಲ್ಲವೇ ಎಂದು ಸೈಕಲ್ ಹೊಡೆದ ಹುಡುಗರನ್ನೇ ಕೇಳಲಿ.

ಮೂರನೆಯ ಗಂಟೆ ಪೇಚಿನ ಪ್ರಸಂಗಗಳಿಗೆ. ಒಬ್ಬರು ಹಾಲಿನ ಕ್ಯಾನು ಹೊತ್ತು ಬರಲಿ, ಒಬ್ಬರು ಅವಸರದಲ್ಲಿರುವ ಬೈಕಿನವರಾಗಲಿ, ಒಬ್ಬರು ಹಸು ಹೊಡೆದುಕೊಂಡು ಬರಲಿ. ಇಲ್ಲಿ ಮಾತೇ ಮದ್ದು. "ಏಯ್, ನಿಲ್ಲು, ರೇಸ್ ಬರ್ತಾ ಇದೆ" ಎಂದರೆ ಯಾರು ಕೇಳಿಯಾರು? "ಅಕ್ಕಾ, ಎರಡೇ ನಿಮಿಷ ನಿಲ್ಲಿ, ಸೈಕಲ್‌ನವರು ಬರ್ತಾ ಇದ್ದಾರೆ, ಅವರು ಹೋದ ತಕ್ಷಣ ನಾನೇ ದಾಟಿಸ್ತೀನಿ" ಎಂದರೆ ನಿಲ್ಲುತ್ತಾರೆ. ಎಷ್ಟು ಹೊತ್ತು, ಏಕೆ, ಆಮೇಲೆ ಏನು ಎಂಬ ಮೂರೂ ಆ ಮಾತಿನಲ್ಲಿವೆ. ತಾತನಿಗೆ ತಾತ ಎಂದು, ಅಣ್ಣನಿಗೆ ಅಣ್ಣ ಎಂದು ಕರೆದು ಹೇಳುವುದನ್ನು ಗಟ್ಟಿಯಾಗಿ ಅಭ್ಯಾಸ ಮಾಡಿಸಿ. ಹೂಡಿಯ ಸುತ್ತ ತೆಲುಗು, ತಮಿಳು, ಹಿಂದಿ ಆಡುವ ದುಡಿಮೆಗಾರರು ಬಹಳವಿದ್ದಾರೆ. ಇದೇ ಮಾತನ್ನು ಆ ಭಾಷೆಗಳಲ್ಲೂ ಒಂದೊಂದು ವಾಕ್ಯ ಕಲಿತಿರಬೇಕು. ದನ ರಸ್ತೆಗೆ ಬಂದರೆ ಕೂಗಿ ಓಡಿಸಬಾರದು. ಬಂದ ಬದಿಗೇ ಮೆಲ್ಲಗೆ ತಿರುಗಿಸಬೇಕು. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಟ್ಟಣದ ಸ್ವಯಂಸೇವಕರಿಗೆ ನೀವೇ ಹೇಳಿಕೊಡಿ.

ಪಂದ್ಯ ನಿಲ್ಲಿಸುವ ಧೈರ್ಯ

ಈ ತರಬೇತಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ ಯಾವುದೆಂದರೆ, ಪಂದ್ಯವನ್ನು ಯಾವಾಗ ನಿಲ್ಲಿಸಬೇಕೆಂಬುದು. ಆಂಬುಲೆನ್ಸು, ಬೆಂಕಿ ಆರಿಸುವ ವಾಹನ, ಹೆರಿಗೆಗೆ ಹೋಗುವ ಗಾಡಿ ಬಂದರೆ ಸೈಕಲ್ಲಿನವರು ಕಾಯಬೇಕೇ ಹೊರತು ಆ ಗಾಡಿ ಕಾಯಬಾರದು. ಮಗುವೊಂದು ರಸ್ತೆಗೆ ನುಗ್ಗಿದರೂ ಅಷ್ಟೆ. ಕೆಂಪು ಬಾವುಟ ಹಿಡಿದುದಕ್ಕಾಗಿ ಯಾವ ಸ್ವಯಂಸೇವಕನನ್ನೂ ಆಮೇಲೆ ಬಯ್ಯುವುದಿಲ್ಲವೆಂದು ಪಂದ್ಯದ ಮುಖ್ಯಸ್ಥರು ತರಬೇತಿನಲ್ಲಿ ಎಲ್ಲರ ಮುಂದೆ ಹೇಳಬೇಕು. ಈ ಮಾತು ಸಿಗದಿದ್ದರೆ ಸಂಕೋಚದಿಂದ ಕೈ ಹಿಂದೆಗೆಯುತ್ತದೆ. ಸಂಕೋಚಪಡುವಷ್ಟರಲ್ಲಿ ಸವಾರ ಐವತ್ತು ಮೀಟರು ಬಂದಿರುತ್ತಾನೆ.

ನಮ್ಮ ಭಾಗದಲ್ಲಿ ಚೆನ್ನೈ ಕಡೆಗೆ ಹೋಗುವ ರೈಲು ಮಾರ್ಗವುಂಟು. ಪಂದ್ಯದ ದಾರಿ ಯಾವ ರೈಲ್ವೆ ಗೇಟನ್ನೂ ದಾಟದಂತೆ ನೋಡುವುದು ಒಳ್ಳೆಯದು. 2015ನೆಯ ಇಸವಿ ಏಪ್ರಿಲ್ 12ರಂದು ಫ್ರಾನ್ಸಿನ ಪ್ಯಾರಿಸ್-ರೂಬೆ ಪಂದ್ಯದಲ್ಲಿ ಗೇಟಿನ ಅಡ್ಡಗಂಬ ಇಳಿಯುತ್ತಿದ್ದರೂ ಕೆಲವು ಸವಾರರು ನುಸುಳಿ ದಾಟಿದರು; ಸ್ವಲ್ಪ ಹೊತ್ತಿನಲ್ಲೇ ವೇಗದ ರೈಲು ಹಾದುಹೋಯಿತು. ಮುಚ್ಚಿದ ಗೇಟನ್ನು ದಾಟುವುದು ಅಂತರರಾಷ್ಟ್ರೀಯ ಸೈಕಲ್ ನಿಯಮದಲ್ಲೇ ನಿಷಿದ್ಧ. ಅನುಭವಸ್ಥರಿಗೇ ಆವೇಶದಲ್ಲಿ ಇದು ಮರೆತುಹೋದ ಮೇಲೆ ಹವ್ಯಾಸಿಗಳ ಮಾತೇನು?

ಯಾರಾದರೂ ಬಿದ್ದರೆ

ಬಿದ್ದವನ ಕಡೆ ಎಲ್ಲರೂ ಓಡುವುದು ಸಹಜ. ಆದರೆ ಮೊದಲ ಕೆಲಸ, ಹಿಂದೆ ಬರುವವರನ್ನು ಎಚ್ಚರಿಸುವುದು. ಇಬ್ಬರಿದ್ದರೆ ಒಬ್ಬ ಬಾವುಟದೊಡನೆ ಹಿಂದಕ್ಕೆ ಹೋಗಲಿ, ಇನ್ನೊಬ್ಬ ಗಾಯಾಳುವಿನ ಬಳಿ ನಿಲ್ಲಲಿ. ಇದಕ್ಕಾಗಿಯೇ ಸ್ವಯಂಸೇವಕರನ್ನು ಜೋಡಿಯಾಗಿ ನಿಲ್ಲಿಸಬೇಕು. ತಲೆಗೋ ಕುತ್ತಿಗೆಗೋ ಪೆಟ್ಟಾಗಿರುವಂತೆ ಕಂಡರೆ ಅವನನ್ನು ಎತ್ತಿ ಕೂರಿಸಬಾರದು, ಹೆಲ್ಮೆಟ್ಟು ಎಳೆದು ತೆಗೆಯಬಾರದು, ನೀರು ಕುಡಿಸಬಾರದು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಪಂದ್ಯದ ವೈದ್ಯ ತಂಡಕ್ಕೂ 108ಕ್ಕೂ ಫೋನು ಮಾಡಿ ಊರಿನ ಹೆಸರು, ಹತ್ತಿರದ ಗುರುತು, ಎಷ್ಟು ಮಂದಿಗೆ ಪೆಟ್ಟಾಗಿದೆ ಎಂಬುದನ್ನು ಹೇಳಬೇಕು. ಈ ಫೋನಿನ ಮಾತನ್ನೂ ತರಬೇತಿನಲ್ಲಿ ಆಡಿಸಿ ನೋಡಿ.

ವಾಹನ ತಗುಲಿ ಪೆಟ್ಟಾದರೆ ಸಹಾಯಕ್ಕೆ ಹೋದವನೇ ಕೋರ್ಟು ಕಚೇರಿ ಅಲೆಯಬೇಕಾದೀತು ಎಂಬ ಹೆದರಿಕೆ ನಮ್ಮ ಜನರಲ್ಲಿದೆ. ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯಲ್ಲಿ 134ಎ ಎಂಬ ಕಲಮು ಸೇರಿದೆ. ವಾಹನ ಅಪಘಾತದ ಗಾಯಾಳುವಿಗೆ ಸದ್ಭಾವನೆಯಿಂದ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸಲಾಗದು ಎಂಬುದೇ ಅದರ ಸಾರ. ಇದನ್ನು ಎಲ್ಲರಿಗೂ ತಿಳಿಸಿ.

ನೀರು ಕೊಡುವ ಕಟ್ಟೆಯವರಿಗೂ ತುಸು ಅಭ್ಯಾಸ ಬೇಕು. ಕಟ್ಟೆಯನ್ನು ಏರುದಾರಿಯಲ್ಲಿ ಇಡಬೇಕು, ಅಲ್ಲಿ ವೇಗ ಕಡಿಮೆ. ಬಾಟಲಿಯನ್ನು ಮೇಲ್ತುದಿಯಲ್ಲಿ ಸಡಿಲವಾಗಿ ಹಿಡಿದು, ತೋಳು ಚಾಚಿ, ನಿಂತಲ್ಲೇ ನಿಲ್ಲಬೇಕು. ಬಿಗಿಯಾಗಿ ಹಿಡಿದರೆ ಸವಾರ ಮುಗ್ಗರಿಸುತ್ತಾನೆ. ಎಸೆದ ಬಾಟಲಿಗಳನ್ನು ಅಂದೇ ಆರಿಸಬೇಕು. ಮೇವಿನೊಡನೆ ಪ್ಲಾಸ್ಟಿಕ್ ನಮ್ಮ ಹಸುವಿನ ಹೊಟ್ಟೆ ಸೇರಬಾರದು.

ಪರೀಕ್ಷೆ

ಕಾಗದದ ಮೇಲಿನ ಪರೀಕ್ಷೆ ಬೇಡ. ತರಬೇತಿನ ಕೊನೆಗೆ ಪ್ರತಿಯೊಬ್ಬರೂ ತಮ್ಮ ಜಾಗದಲ್ಲಿ ನಿಂತು ಐದು ಕೆಲಸ ಮಾಡಿ ತೋರಿಸಲಿ: ನಿಲ್ಲುವ ಸ್ಥಳ, ಹಳದಿ ಬಾವುಟ, ಕೆಂಪು ಬಾವುಟ, ದಾರಿಹೋಕರನ್ನು ನಿಲ್ಲಿಸುವ ಮಾತು, ಫೋನಿನ ಮಾತು. ಐದೂ ಬಂದವರನ್ನು ಕೂಡುರಸ್ತೆಗೆ ಹಾಕಿ. ಬಾರದವರನ್ನು ಅವಮಾನ ಮಾಡದೆ ನೀರಿನ ಕಟ್ಟೆಗೋ ಸಾಮಾನು ಕಾಯುವುದಕ್ಕೋ ಹಾಕಿ, ಮುಂದಿನ ಸಲ ಮತ್ತೆ ಕಲಿಸಿ.

ಪಂದ್ಯದವರಿಗೆ ನಾವು ಹೇಳಬೇಕಾದದ್ದು

ಯಾರಾದರೂ ಪಂದ್ಯ ನಡೆಸುತ್ತೇವೆಂದು ಊರಿಗೆ ಬಂದರೆ, ಬೇಡವೆಂದು ಬಾಗಿಲು ಹಾಕುವುದೂ ಬೇಡ, ಹಾರ ಹಿಡಿದು ಸುಮ್ಮನಾಗುವುದೂ ಬೇಡ. ನಾಲ್ಕು ಮಾತು ಕೇಳಿ. ಪೊಲೀಸರ ಅನುಮತಿಯ ಪ್ರತಿ ಎಲ್ಲಿ? ತರಬೇತು ಎಂದು, ಎಲ್ಲಿ? ವೈದ್ಯರು, ಆಂಬುಲೆನ್ಸು ಎಲ್ಲಿ ನಿಂತಿರುತ್ತಾರೆ? ಹಾಲಿನ ಹೊತ್ತಿಗೆ ದಾರಿ ಬಿಡುವ ಏರ್ಪಾಡೇನು? ಇವಕ್ಕೆ ಸಮಾಧಾನಕರ ಉತ್ತರ ಬಂದರೆ ಸಂಘದವರು ಹೆಸರು ಕೊಡಲಿ.

"ಕೂಲಿ ಇಲ್ಲದೆ ಅವರ ಆಟಕ್ಕೆ ನಾವೇಕೆ ದುಡಿಯಬೇಕು?" ಎಂದು ಹಿರಿಯರೊಬ್ಬರು ಸಭೆಗೆ ಮುಂಚೆ ಕೇಳಿದರು. ನ್ಯಾಯವಾದ ಪ್ರಶ್ನೆ. ಸ್ವಯಂಸೇವೆ ಎಂದರೆ ಬಿಟ್ಟಿ ಚಾಕರಿಯಲ್ಲ. ತಿಂಡಿ, ನೀರು, ಹೋಗಿಬರುವ ಖರ್ಚು, ನಿಲ್ಲುವವರಿಗೆ ವಿಮೆ, ಇವನ್ನು ಕೇಳುವುದು ತಪ್ಪಲ್ಲ. ಪಂದ್ಯದವರ ಕಸ ಗುಡಿಸುವುದು ಪಂದ್ಯದವರ ಕೆಲಸ. ಆದರೆ ಅದಕ್ಕೂ ಮೇಲೊಂದು ಮಾತಿದೆ. ನಮ್ಮ ತಿರುವಿನಲ್ಲಿ ನಾವೇ ನಿಂತರೆ ನಮ್ಮ ಮಕ್ಕಳನ್ನೂ ದನಗಳನ್ನೂ ನಾವೇ ಕಾದಂತಾಯಿತು. ಇದೇ ಜೋಡಿ, ಇದೇ ಬಾವುಟ, ಇದೇ ಮಾತು ನಾಳೆ ಜಾತ್ರೆಯ ತೇರಿನ ದಿನಕ್ಕೂ, ಶಾಲೆ ಬಿಡುವ ಹೊತ್ತಿಗೂ ಬರುತ್ತದೆ.

ಪಂದ್ಯ ಮುಗಿದ ಮೇಲೆ ಕೊನೆಯ ವಾಹನ ಹಾದುಹೋಗುವ ತನಕ ಯಾರೂ ಜಾಗ ಬಿಡಬಾರದು. ಎಲ್ಲರಿಗಿಂತ ಹಿಂದೆ ಬರುವ ದಣಿದ ಸವಾರನಿಗೇ ಕಾವಲು ಹೆಚ್ಚು ಬೇಕು. ಆ ಸಂಜೆಯೇ ಸಂಘದಲ್ಲಿ ಅರ್ಧ ಗಂಟೆ ಕೂತು, ಯಾವ ತಿರುವಿನಲ್ಲಿ ಏನು ತೊಡಕಾಯಿತೆಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಮುಂದಿನ ತರಬೇತಿಗೆ ಅದೇ ಪಾಠಪುಸ್ತಕ.

ಮೂರು ಗಂಟೆಯ ತರಬೇತಿಗೆ ಒಪ್ಪುವ ತರುಣ ತರುಣಿಯರು ಈ ಸಭೆ ಮುಗಿದ ಮೇಲೆ ಸಂಘದ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇನೆ. ನಿಮ್ಮ ನಿಮ್ಮ ಊರಿನ ದಾರಿಯ ಗುಂಡಿ, ತಿರುವುಗಳ ಪಟ್ಟಿಯನ್ನು ಈ ವಾರವೇ ಆರಂಭಿಸಬಹುದು; ಅದಕ್ಕೆ ಪಂದ್ಯ ಬರುವವರೆಗೆ ಕಾಯಬೇಕಾಗಿಲ್ಲ.